ಒಂದರ ಹಿಂದೆ ಒಂದು ಬಂದಾಗ

ಮಗಳೇ,

ಜರ್ಮನಿ ಮುಟ್ಟಿದ ರಾತ್ರಿ ಫೋನ್ ಮಾಡಿ ‘ದೊಡ್ಡವ್ವಾ, ನನ್ನ ನಸೀಬನ ಖೊಟ್ಟಿ ಐತಿ’ ಅಂದೆಯಲ್ಲ, ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ಹುಬ್ಬಳ್ಳಿಯಿಂದ ಹೊರಡಬೇಕಿದ್ದ ವಿಮಾನ ರದ್ದಾಯಿತು. ಅದರಿಂದ ಬೆಂಗಳೂರಿನಲ್ಲಿ ಫ್ರಾಂಕ್‌ಫರ್ಟಿನ ವಿಮಾನ ತಪ್ಪಿತು. ಗೆಳತಿಯ ಹತ್ತಿರ ಸಾಲ ಮಾಡಿ ಕೊಲ್ಲಿ ದೇಶದ ಮೇಲೆ ಹೋಗುವ ಹೊಸ ಟಿಕೆಟ್ ಕೊಂಡರೆ, ನೀನು ಮುಟ್ಟಿದೆ, ಬ್ಯಾಗು ಮುಟ್ಟಲಿಲ್ಲ. ಚಳಿಯ ಕೋಟು, ಅಂಕಪಟ್ಟಿ, ಮಾತ್ರೆ ಎಲ್ಲ ಅದರೊಳಗೇ. ಕೊನೆಗೆ ಬ್ಯಾಗು ಬಂದಾಗ ಅದರ ಒಂದು ಗಾಲಿ ಮುರಿದಿತ್ತು. ಇಷ್ಟೆಲ್ಲ ಒಬ್ಬರ ಮೇಲೆ ಒಂದೇ ವಾರದಲ್ಲಿ ಬಂದರೆ ಗ್ರಹಚಾರ ಅನ್ನಿಸುವುದು ಸಹಜ.

ಆದರೆ ನನ್ನ ಮಾತು ಕೇಳು. ಇದರಲ್ಲಿ ನಸೀಬಕ್ಕೆ ಸೇರಿದ್ದು ಮೊದಲನೆಯದು ಮಾತ್ರ. ಉಳಿದವು ಅದರ ಬೆನ್ನು ಹಿಡಿದು ಬಂದವು, ಅವು ಬರುವ ದಾರಿಗಳೂ ಗೊತ್ತಿರುವಂಥವೇ. ನಿನ್ನನ್ನು ದೂರಲು ಇದನ್ನು ಬರೆಯುತ್ತಿಲ್ಲ. ಈ ದಾರಿಗಳನ್ನು ನಿಮಗೆ ಯಾವ ಕಾಲೇಜಿನಲ್ಲೂ ಯಾರೂ ತೋರಿಸಿರುವುದಿಲ್ಲ. ಬೆಂಗಳೂರಿನ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ, 2008ರ ಮೇ ತಿಂಗಳ ನಂತರ ದೇವನಹಳ್ಳಿಯ ಹೊಸ ನಿಲ್ದಾಣದಲ್ಲಿ, ಕೌಂಟರಿನ ಒಳಗೆ ನಿಂತು ದುಡಿದವಳು ನಾನು. ನಿನ್ನಂಥ ಎಷ್ಟೋ ಮಕ್ಕಳು ನನ್ನ ಮುಂದೆ ಕಣ್ಣೀರು ಹಾಕಿದ್ದಾರೆ. ಅವರಿಗೆಲ್ಲ ಹೇಳಬೇಕೆಂದುಕೊಂಡು, ಸಾಲಿನಲ್ಲಿ ಹಿಂದೆ ನಿಂತವರ ಅವಸರದಲ್ಲಿ ಹೇಳಲಾಗದೆ ಉಳಿದದ್ದನ್ನು ನಿನಗೆ ಹೇಳುತ್ತೇನೆ.

ಹುಬ್ಬಳ್ಳಿಯಲ್ಲಿ ಆಕಾಶ ಕನ್ನಡಿಯಂತೆ ತಿಳಿಯಾಗಿತ್ತು, ಆದರೂ ಸಂಜೆಯ ವಿಮಾನ ಯಾಕೆ ತಡವಾಯಿತು ಅಂತ ಕೇಳಿದೆ. ಆ ವಿಮಾನ ಬೆಳಿಗ್ಗೆಯಿಂದ ಬೇರೆ ಬೇರೆ ಊರು ತಿರುಗಿ ನಿನ್ನ ಹತ್ತಿರ ಬರಬೇಕಾದದ್ದು. ಕಡಿಮೆ ದರದ ವಿಮಾನ ಸಂಸ್ಥೆಗಳು ಒಂದು ವಿಮಾನವನ್ನು ದಿನಕ್ಕೆ ಐದಾರು ಸಲ ಹಾರಿಸುತ್ತವೆ. ಇಳಿದ ಅರ್ಧ ಗಂಟೆಯಲ್ಲಿ ಅದು ಮತ್ತೆ ಏರಬೇಕು, ನಡುವೆ ಕಳೆದ ಹೊತ್ತನ್ನು ತುಂಬಿಕೊಳ್ಳಲು ಜಾಗವೇ ಇರುವುದಿಲ್ಲ. ಡಿಸೆಂಬರ್–ಜನವರಿಯಲ್ಲಿ ದೆಹಲಿಯಲ್ಲಿ ಮಂಜು ಬಿದ್ದು ಬೆಳಗಿನ ಹಾರಾಟ ಎರಡು ಗಂಟೆ ತಡವಾಯಿತೆನ್ನು, ಸಂಜೆ ಹೊತ್ತಿಗೆ ಅದು ಮೂರು ಗಂಟೆಯಾಗಿ ಹುಬ್ಬಳ್ಳಿಗೂ ಬರಬಹುದು, ಮಂಗಳೂರಿಗೂ ಬರಬಹುದು. ನಮ್ಮ ದೇವನಹಳ್ಳಿಯಲ್ಲೂ ನವೆಂಬರಿನಿಂದ ಫೆಬ್ರವರಿಯವರೆಗೆ ನಸುಕಿನಲ್ಲಿ ಮಂಜು ಕವಿಯುವುದುಂಟು.

ಹಾಗಾಗಿ ಟಿಕೆಟ್ ಕೊಳ್ಳುವಾಗ ದರದ ಜೊತೆಗೆ ಋತುವನ್ನೂ ನೋಡು. ಮಂಜಿನ ತಿಂಗಳುಗಳಲ್ಲಿ ಹೊತ್ತೇರಿದ ಮೇಲಿನ ವಿಮಾನ ಒಳ್ಳೆಯದು. ಏಪ್ರಿಲ್–ಮೇಯಲ್ಲಿ ಬೆಂಗಳೂರಿನಲ್ಲಿ ಸಂಜೆ ಗುಡುಗು ಮಳೆ ಬರುವುದರಿಂದ ಬೆಳಗಿನದು ಒಳ್ಳೆಯದು. ಯಾವ ಕಾಲದಲ್ಲೇ ಆಗಲಿ, ಮುಂದೆ ಬೇರೆ ವಿಮಾನ ಹಿಡಿಯಬೇಕಾಗಿದ್ದರೆ ದಿನದ ಕೊನೆಯ ವಿಮಾನವನ್ನು ನಂಬಬೇಡ. ಅದು ರದ್ದಾದರೆ ಆ ದಿನ ನಿನಗೆ ಮತ್ತೊಂದಿಲ್ಲ. ಇನ್ನೊಂದು ವಿಷಯ, ವಿಮಾನಗಳು ಎಲ್ಲಿವೆ ಎಂದು ತೋರಿಸುವ ಫ್ಲೈಟ್‌ರಾಡಾರ್24ರಂಥ ಆ್ಯಪ್‌ಗಳು ಈಗ ಎಲ್ಲರ ಫೋನಿನಲ್ಲೂ ಸಿಗುತ್ತವೆ. ‘ಒಂದು ಗಂಟೆ ತಡ’ ಎಂದು ಸಂದೇಶ ಬಂದಾಗ ನಿನಗಾಗಿ ಬರಬೇಕಾದ ವಿಮಾನ ಎಲ್ಲಿದೆ ನೋಡು. ಅದು ಇನ್ನೂ ದೆಹಲಿಯಲ್ಲೇ ನಿಂತಿದ್ದರೆ ಆ ಒಂದು ಗಂಟೆಯನ್ನು ನಂಬಿ ಕೂರಬೇಡ.

ಈಗ ನಿನ್ನ ಕಥೆಯ ಮುಖ್ಯ ಜಾಗಕ್ಕೆ ಬರುತ್ತೇನೆ. ಹುಬ್ಬಳ್ಳಿಯ ಟಿಕೆಟ್ ಒಂದು ಸಂಸ್ಥೆಯದು, ಫ್ರಾಂಕ್‌ಫರ್ಟಿನದು ಇನ್ನೊಂದರದು. ಬೇರೆ ಬೇರೆ ದಿನ ಕೊಂಡ, ಬೇರೆ ಬೇರೆ ಪಿಎನ್‌ಆರ್ ಇರುವ ಎರಡು ಟಿಕೆಟ್. ಹೀಗೆ ಕೊಂಡರೆ ಕೆಲವು ಸಾವಿರ ಉಳಿಯುತ್ತದೆ, ನಿಜ. ಆದರೆ ಒಂದೇ ಪಿಎನ್‌ಆರ್‌ನಲ್ಲಿ ಎರಡೂ ಹಾರಾಟ ಇದ್ದಾಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನ ವಿಮಾನಕ್ಕೆ ಹಾಕಿ ಊರು ಮುಟ್ಟಿಸುವುದು ಸಂಸ್ಥೆಯ ಹೊಣೆ. ಟಿಕೆಟ್ ಎರಡಾದ ಕೂಡಲೇ ಆ ಹೊಣೆ ನಿನ್ನ ತಲೆಗೆ ಬರುತ್ತದೆ. ಹುಬ್ಬಳ್ಳಿಯವರಿಗೆ ನೀನು ಬೆಂಗಳೂರಿನವರೆಗಿನ ಪ್ರಯಾಣಿಕಳು ಅಷ್ಟೇ. ಫ್ರಾಂಕ್‌ಫರ್ಟಿನವರ ಲೆಕ್ಕದಲ್ಲಿ ನೀನು ಹೇಳದೆ ಕೇಳದೆ ಬಾರದೆ ಹೋದವಳು. ಅದನ್ನು ‘ನೋ ಶೋ’ ಎನ್ನುತ್ತಾರೆ. ಹಾಗೆ ಬರೆದುಕೊಂಡರೆ ಅದೇ ಟಿಕೆಟ್ಟಿನ ಮುಂದಿನ ಹಾರಾಟಗಳೂ, ವಾಪಸ್ ಬರುವುದೂ ಸೇರಿ, ಸಾಮಾನ್ಯವಾಗಿ ರದ್ದಾಗುತ್ತವೆ.

ಆ ದಿನ ಮೊದಲ ಸಂದೇಶ ಬಂದದ್ದು ನಾಲ್ಕು ಗಂಟೆಗೆ ಅಂದೆ. ಆಮೇಲೆ ಏಳಕ್ಕೊಂದು, ಎಂಟೂವರೆಗೊಂದು. ಹತ್ತಕ್ಕೆ ರದ್ದು. ಫ್ರಾಂಕ್‌ಫರ್ಟಿನ ವಿಮಾನ ಇದ್ದದ್ದು ನಸುಕಿನ ಮೂರರ ಸುಮಾರಿಗೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ನಾನೂರು ಕಿಲೋಮೀಟರ್ ದಾಟುತ್ತದೆ, ಏಳು ಗಂಟೆಯ ಹಾದಿ. ನಾಲ್ಕೂವರೆಗೆ ಕಾರು ಹತ್ತಿದ್ದರೆ ಹನ್ನೆರಡರ ಹೊತ್ತಿಗೆ ದೇವನಹಳ್ಳಿ. ಹತ್ತು ಗಂಟೆಗೆ ಆ ದಾರಿ ಮುಚ್ಚಿಹೋಗಿತ್ತು. ಮೊದಲ ತಡದ ಸುದ್ದಿ ಬಂದ ಗಳಿಗೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ: ಇದು ಇನ್ನೂ ಕೆಟ್ಟರೆ ಮುಂದೆ ಏನೇನು ಕೈತಪ್ಪುತ್ತದೆ, ಅದನ್ನು ಉಳಿಸಿಕೊಳ್ಳಲು ಇನ್ನು ಎಷ್ಟು ಹೊತ್ತಿದೆ? ಕಾರು ಸಿಗದಿದ್ದರೂ ಇನ್ನೊಂದು ಕೆಲಸ ಕೈಯಲ್ಲೇ ಇತ್ತು. ಫ್ರಾಂಕ್‌ಫರ್ಟಿನ ಸಂಸ್ಥೆಗೆ, ವಿಮಾನ ಹೊರಡುವ ಮೊದಲೇ ಫೋನ್ ಮಾಡಿ ದಿನಾಂಕ ಬದಲಿಸಿಕೊಡಿ ಎಂದು ಕೇಳುವುದು. ಬದಲಾವಣೆಗೆ ಶುಲ್ಕ ಹಿಡಿಯುತ್ತಾರೆ, ದರದ ವ್ಯತ್ಯಾಸವನ್ನೂ ಕೇಳುತ್ತಾರೆ. ಆದರೆ ಆ ಮೊತ್ತ ಸಾಮಾನ್ಯವಾಗಿ ಹೊಸ ಟಿಕೆಟ್ಟಿಗಿಂತ ಎಷ್ಟೋ ಕಡಿಮೆ. ವಿಮಾನ ಹೊರಟ ಮೇಲೆ ಹೆಚ್ಚಿನ ಟಿಕೆಟ್ಟುಗಳಿಗೆ ಈ ಬಾಗಿಲು ತೆರೆಯುವುದಿಲ್ಲ.

ಮುಂದೆಂದಾದರೂ ಎರಡು ಟಿಕೆಟ್ ಕೊಳ್ಳಲೇಬೇಕಾಗಿ ಬಂದರೆ ನಡುವೆ ಒಂದು ರಾತ್ರಿ ಇಟ್ಟುಕೋ. ಬೆಂಗಳೂರಿನಲ್ಲಿ ನಮ್ಮ ಮನೆಯಿದೆ, ಯಾವ ಹೊತ್ತಿಗೆ ಬಂದರೂ ಬಾಗಿಲು ತೆಗೆಯುತ್ತೇನೆ. ಬೇರೆ ದೇಶದಲ್ಲಿ ಹೀಗೆ ಒಂದು ಟಿಕೆಟ್ಟಿನಿಂದ ಇನ್ನೊಂದಕ್ಕೆ ಬದಲಾಗುವುದಿದ್ದರೆ ಬ್ಯಾಗನ್ನು ಹೊರಗೆ ತಂದು ಮತ್ತೆ ಕೊಡಬೇಕಾಗಬಹುದು. ಹೊರಗೆ ಬರಬೇಕಾದರೆ ಆ ದೇಶದ ವೀಸಾ ಬೇಕಾಗಬಹುದು. ಅದಿಲ್ಲದೆ ಇಲ್ಲಿಯ ಕೌಂಟರಿನಿಂದಲೇ ವಾಪಸ್ ಹೋದ ಮಕ್ಕಳನ್ನು ನೋಡಿದ್ದೇನೆ.

ಹತ್ತು ಗಂಟೆಗೆ ‘ಪೈಲಟ್ಟಿನ ಡ್ಯೂಟಿ ಟೈಮ್ ಮುಗಿಯಿತು’ ಅಂತ ಹೇಳಿದಾಗ ಅಲ್ಲಿದ್ದವರೆಲ್ಲ ಕೂಗಾಡಿದರು, ನೀನೂ ಕೂಗಿದೆ ಅಂದೆ. ಇದೊಂದನ್ನು ನಿಧಾನವಾಗಿ ಹೇಳಬೇಕು. 2010ರ ಮೇ 22ರ ಬೆಳಿಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ಬೆಟ್ಟದ ತಲೆಯ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. 166 ಜನರಲ್ಲಿ 158 ಜನ ಸತ್ತರು. ಬದುಕಿದವರು ಎಂಟೇ ಜನ. ನೆಲಕ್ಕೆ ಇಳಿಯಲು ಸರಿಯಾದ ಎತ್ತರ, ವೇಗ ಇಲ್ಲದಿದ್ದರೂ ಕ್ಯಾಪ್ಟನ್ ಇಳಿಸಲು ಹೊರಟದ್ದೇ ಕಾರಣ ಎಂದು ವಿಚಾರಣೆ ಹೇಳಿತು. ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಆ ರಾತ್ರಿಯ ಹಾರಾಟದಲ್ಲಿ ಕ್ಯಾಪ್ಟನ್ ಬಹಳ ಹೊತ್ತು ನಿದ್ದೆ ಮಾಡಿದ್ದರು, ಎದ್ದ ಮಂಪರು ಪೂರ್ತಿ ಇಳಿದಿರಲಿಲ್ಲ. ಸಹಪೈಲಟ್ ‘ಗೋ ಅರೌಂಡ್’ ಎಂದು, ಅಂದರೆ ಇಳಿಸದೆ ಮತ್ತೆ ಮೇಲೇರಿಸಿ ಎಂದು ಹೇಳಿದ್ದು ಧ್ವನಿಮುದ್ರಿಕೆಯಲ್ಲಿ ದಾಖಲಾಗಿದೆ. ಕರಾವಳಿಯ ಎಷ್ಟು ಮನೆಗಳು ಆ ದಿನ ಬರಿದಾದವು!

ನಿದ್ದೆಯ ಮಂಪರಿನಲ್ಲಿರುವ ಪೈಲಟ್ ಎಂದರೆ ಏನು ಎಂಬುದು ಅಂದಿನಿಂದ ನನ್ನ ಮನಸ್ಸಿನಿಂದ ಹೋಗಿಲ್ಲ. ಆದ್ದರಿಂದ ಪೈಲಟ್ಟುಗಳ ವಿಶ್ರಾಂತಿಯ ನಿಯಮವನ್ನು ಅಡ್ಡಿ ಎನ್ನುವವರ ಜೊತೆ ನಾನು ಒಪ್ಪುವುದಿಲ್ಲ. 2025ರಲ್ಲಿ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಈ ನಿಯಮವನ್ನು ಬಿಗಿ ಮಾಡಿ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು. ಆ ಡಿಸೆಂಬರಿನ ಮೊದಲ ವಾರ ದೇಶದಲ್ಲಿ ಸಾವಿರಾರು ಹಾರಾಟ ರದ್ದಾಗಿ ಜನ ನೆಲದ ಮೇಲೆ ಮಲಗಿದರು. ಹೊಸ ನಿಯಮಕ್ಕೆ ಬೇಕಾದಷ್ಟು ಪೈಲಟ್ಟುಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳದಿದ್ದುದು ವಿಮಾನ ಸಂಸ್ಥೆಯ ದೋಷವೇ ಹೊರತು ನಿಯಮದ ದೋಷವಲ್ಲ. ರದ್ದು ಮಾಡಿದ ಸಂಸ್ಥೆಯನ್ನು ಪ್ರಶ್ನಿಸು, ಪರಿಹಾರ ಕೇಳು. ‘ಹೇಗಾದರೂ ಹಾರಿಸಿ’ ಎಂದು ಮಾತ್ರ ಯಾವತ್ತೂ ಕೂಗಬೇಡ. ಮಳೆಗಾಲದಲ್ಲಿ ಮಂಗಳೂರಿಗೆ ಹೊರಟ ವಿಮಾನ ಇಳಿಯಲಾಗದೆ ಬೆಂಗಳೂರಿಗೋ ಕೊಚ್ಚಿಗೋ ಹೋಯಿತು ಎಂದರೆ ಒಳಗೆ ಕೂತವರು ಬಯ್ಯುತ್ತಾರೆ. ಆ ಪೈಲಟ್ಟಿಗೆ ಕೈ ಮುಗಿಯಬೇಕು.

ಇನ್ನು ಕೌಂಟರಿನಲ್ಲಿ ಇರುವ ಹುಡುಗಿಯ ವಿಷಯ. ಅವಳು ನಿನ್ನ ವಯಸ್ಸಿನವಳೇ ಇರುತ್ತಾಳೆ, ಬೆಳಗಿನ ಪಾಳಿಗೆ ಬಂದು ರಾತ್ರಿಯಾದರೂ ಮನೆಗೆ ಹೋಗಿರುವುದಿಲ್ಲ. ಮಂಜು ಅವಳು ತಂದದ್ದಲ್ಲ, ಆದರೆ ಮುಂದಿನ ವಿಮಾನದಲ್ಲಿ ಉಳಿದ ಎರಡು ಸೀಟು ಅವಳ ಪರದೆಯ ಮೇಲಿವೆ. ಸಾಲಿನಲ್ಲಿ ನಿಂತಿರುವಾಗಲೇ ಆ್ಯಪಿನಲ್ಲಿ ಹುಡುಕು, ಕಾಲ್ ಸೆಂಟರಿಗೂ ಫೋನ್ ಹಚ್ಚು. ಅವಳ ಮುಂದೆ ಬಂದಾಗ ‘ಏನ್ ಮಾಡ್ತೀರಿ ನೀವು?’ ಅನ್ನುವ ಬದಲು ‘ಬೆಳಿಗ್ಗೆ ಆರೂಮುಕ್ಕಾಲಿನದರಲ್ಲಿ ಸೀಟ್ ಕಾಣ್ತಾ ಇದೆ, ಅದಕ್ಕೆ ಹಾಕಿಕೊಡ್ತೀರಾ ಅಕ್ಕಾ’ ಎಂದು ಕೇಳು. ಎಲ್ಲಿ ಸೀಟಿದೆ ಎಂದು ಹೇಳಿ ಕೇಳಿದವರ ಕೆಲಸ ಬೇಗ ಆಗುವುದನ್ನು ನಾನು ದಿನವೂ ನೋಡಿದ್ದೇನೆ. ಕೋಪದ ಭರದಲ್ಲಿ ‘ನನ್ನ ಟಿಕೆಟ್ ಕ್ಯಾನ್ಸಲ್ ಮಾಡಿ’ ಎಂದು ಹೇಳಬೇಡ, ಆ್ಯಪಿನಲ್ಲಿ ಆ ಗುಂಡಿಯನ್ನೂ ಒತ್ತಬೇಡ. ಸಂಸ್ಥೆ ರದ್ದು ಮಾಡಿದರೆ ನಿನಗೆ ಹಕ್ಕು ಬರುತ್ತದೆ. ನೀನೇ ರದ್ದು ಮಾಡಿಕೊಂಡರೆ ಆ ಹಕ್ಕನ್ನು ನಿನ್ನ ಕೈಯಿಂದಲೇ ಬಿಟ್ಟ ಹಾಗೆ. ತಡಕ್ಕೆ, ರದ್ದಿಗೆ ಏನು ಕಾರಣ ಎಂದು ಬರಹದಲ್ಲಿ ಕೇಳಿ ಪಡೆ. ಬಂದ ಎಲ್ಲ ಸಂದೇಶದ ಸ್ಕ್ರೀನ್‌ಶಾಟ್ ಇಟ್ಟುಕೋ.

ಈಗ ಬ್ಯಾಗಿನ ವಿಷಯ. ನಿನ್ನ ಅವ್ವ ಒಂದೂ ಬಿಡದಂತೆ ಎಲ್ಲವನ್ನೂ ಆ ದೊಡ್ಡ ಬ್ಯಾಗಿಗೇ ತುಂಬಿದಳು. ನಮ್ಮ ಮನೆಗಳಲ್ಲಿ ಅದೇ ರೂಢಿ. ಆದರೆ ಚೆಕ್‌ಇನ್ ಬ್ಯಾಗು ನಿನ್ನ ಜೊತೆಗೇ ಬರುತ್ತದೆ ಎಂಬ ಲೆಕ್ಕವನ್ನೇ ಇಟ್ಟುಕೊಳ್ಳಬೇಡ. ಮೂಲ ಅಂಕಪಟ್ಟಿ, ಪ್ರವೇಶಪತ್ರ, ಮಾತ್ರೆ ಮತ್ತು ವೈದ್ಯರ ಚೀಟಿ, ಒಂದು ಜೊತೆ ಬಟ್ಟೆ, ಚಳಿಯ ಊರಾದರೆ ಕೋಟು, ಚಾರ್ಜರ್, ಒಡವೆ, ಹಣ ಇವು ಕೈಚೀಲದಲ್ಲೇ ಇರಬೇಕು. ಪವರ್ ಬ್ಯಾಂಕನ್ನು ಚೆಕ್‌ಇನ್‌ಗೆ ಹಾಕುವಂತಿಲ್ಲ. ಹಾಕಿದರೆ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದು ಬ್ಯಾಗು ಹಿಂದೆ ಉಳಿಯುತ್ತದೆ. ತಿಪಟೂರಿನ ಒಣಕೊಬ್ಬರಿಯೂ ಅಷ್ಟೇ. ಅದರ ಎಣ್ಣೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ಅದನ್ನು ಅಪಾಯದ ವಸ್ತುಗಳಲ್ಲಿ ಸೇರಿಸಿದ್ದಾರೆ. ಚಟ್ನಿಪುಡಿಗೆಂದು ತಾಯಂದಿರು ಇಟ್ಟ ಒಂದು ಗಿಟುಕಿಗಾಗಿ ಬ್ಯಾಗು ಬಿಚ್ಚಿಸಿದ ದಿನಗಳು ನನ್ನ ಕೆಲಸದಲ್ಲಿ ಬಂದಿವೆ. ತುಪ್ಪವನ್ನು ಐರೋಪ್ಯ ಒಕ್ಕೂಟದ ದೇಶಗಳೊಳಗೆ ಒಯ್ಯಲು ಬಿಡುವುದಿಲ್ಲ, ಹಾಲಿನ ಪದಾರ್ಥಕ್ಕೆ ಅಲ್ಲಿ ತಡೆಯಿದೆ. ಅವ್ವನಿಗೆ ನಾನು ಹೇಳುತ್ತೇನೆ.

ಬೆಲ್ಟಿನ ಮೇಲೆ ಬ್ಯಾಗು ಬಾರದಿದ್ದರೆ ನಿಲ್ದಾಣದಿಂದ ಹೊರಗೆ ಕಾಲಿಡುವ ಮೊದಲೇ ಬ್ಯಾಗೇಜ್ ಡೆಸ್ಕಿಗೆ ಹೋಗಿ ಪಿಐಆರ್ ಎಂಬ ವರದಿ ಬರೆಸಬೇಕು. ನೀನು ಅಷ್ಟೊಂದು ದಣಿವಿನಲ್ಲೂ ಅದನ್ನು ಮಾಡಿದೆ, ತುಂಬ ಒಳ್ಳೆಯದಾಯಿತು. ಆದರೆ ಪಿಐಆರ್ ಒಂದೇ ಸಾಲದು. ಬೇರೆ ದೇಶದ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದಕ್ಕೆ ಸೇರಿದೆ, ಜರ್ಮನಿಯೂ ಅದರಲ್ಲಿದೆ. ಅದರ ಪ್ರಕಾರ ಬ್ಯಾಗು ಹಾಳಾಗಿದ್ದರೆ ಅದು ಕೈಗೆ ಬಂದ 7 ದಿನದೊಳಗೆ, ತಡವಾಗಿದ್ದರೆ ಕೈಗೆ ಬಂದ 21 ದಿನದೊಳಗೆ ಸಂಸ್ಥೆಗೆ ಲಿಖಿತ ದೂರು ಹೋಗಬೇಕು. ಬರಬೇಕಾದ ದಿನದಿಂದ 21 ದಿನವಾದರೂ ಬಾರದ ಬ್ಯಾಗು ಕಳೆದುಹೋದ ಲೆಕ್ಕ. 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ ಇದರ ಪರಿಹಾರದ ಮಿತಿ 1,519 ಎಸ್‌ಡಿಆರ್ (ಇದು ಒಪ್ಪಂದದಲ್ಲಿ ಬಳಸುವ ಅಂತರರಾಷ್ಟ್ರೀಯ ಲೆಕ್ಕದ ಹಣ). ನಮ್ಮ ಹಣದಲ್ಲಿ ಒಂದೂವರೆ ಲಕ್ಷ ರೂಪಾಯಿಗೂ ಮೇಲೆ. ಅಷ್ಟನ್ನೂ ಕೊಟ್ಟುಬಿಡುತ್ತಾರೆ ಎಂದಲ್ಲ, ಆದ ನಷ್ಟವನ್ನು ತೋರಿಸಬೇಕು. ಬ್ಯಾಗಿಲ್ಲದ ದಿನಗಳಲ್ಲಿ ನೀನು ಕೊಂಡ ಕೋಟು, ಬಟ್ಟೆ, ಹಲ್ಲುಜ್ಜುವ ಬ್ರಷ್ಷಿನವರೆಗೆ ಎಲ್ಲದರ ರಸೀದಿ ಜೋಡಿಸು. ಮುರಿದ ಗಾಲಿಯ ಫೋಟೋ ತೆಗೆದು ಟ್ಯಾಗಿನ ಜೊತೆ ಇಡು. ದೇಶದೊಳಗಿನ ಪ್ರಯಾಣದಲ್ಲಿ ಈ ಮಿತಿ ಬಹಳ ಕಡಿಮೆ, 20,000 ರೂಪಾಯಿ.

ದಣಿವಿನ ಬಗ್ಗೆಯೂ ಒಂದು ಮಾತು. ರಾತ್ರಿಯಿಡೀ ಎದ್ದಿದ್ದು, ಊಟ ಬಿಟ್ಟು, ಅತ್ತು ಅತ್ತು ಕೂತವರು ತೆಗೆದುಕೊಳ್ಳುವ ತೀರ್ಮಾನಗಳು ಹೊಸ ಕಷ್ಟ ತರುತ್ತವೆ. ಸಹಾಯವಾಣಿಯ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಮೋಸಗಾರರು ಹಾಕಿಟ್ಟ ನಂಬರಿಗೆ ಫೋನ್ ಮಾಡಿ, ‘ರೀಫಂಡ್ ಹಾಕ್ತೀವಿ’ ಎಂಬ ಮಾತಿಗೆ ಒಟಿಪಿ ಕೊಟ್ಟು ಖಾತೆ ಬರಿದು ಮಾಡಿಕೊಂಡವರು ಬಹಳ ಜನ, ಅವರಲ್ಲಿ ಓದಿದವರೂ ಕಡಿಮೆಯಿಲ್ಲ. ನಂಬರನ್ನು ಟಿಕೆಟ್ಟಿನ ಮೇಲಿಂದ ಅಥವಾ ಸಂಸ್ಥೆಯ ಆ್ಯಪಿನಿಂದ ಮಾತ್ರ ತೆಗೆದುಕೋ. ಹೊರಡುವ ಮುಂಚೆಯೇ ಅದನ್ನು ಪಿಎನ್‌ಆರ್, ಪಾಸ್‌ಪೋರ್ಟ್ ನಂಬರ್, ಮನೆಯ ಇಬ್ಬರ ನಂಬರಿನ ಜೊತೆ ಒಂದು ಕಾಗದದಲ್ಲಿ ಬರೆದಿಟ್ಟುಕೋ. 2024ರ ಜುಲೈ 19ರಂದು ಒಂದು ಸಾಫ್ಟ್‌ವೇರ್ ದೋಷದಿಂದ ಜಗತ್ತಿನ ಎಷ್ಟೋ ಕಂಪ್ಯೂಟರುಗಳು ನಿಂತಾಗ ನಮ್ಮ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅಂಥ ದಿನ ಕಾಗದವೇ ಆಸರೆ. ದೊಡ್ಡ ಹಣ ಖರ್ಚು ಮಾಡುವ ಮೊದಲು ಏನಾದರೂ ತಿನ್ನು, ಒಂದು ಗಂಟೆ ಕಣ್ಣು ಮುಚ್ಚು, ಮನೆಯವರಲ್ಲಿ ಒಬ್ಬರ ಜೊತೆ ಮಾತಾಡು.

ಇನ್ನು ನಿನಗೆ ಬರಬೇಕಾದ ಹಣದ ವಿಷಯ ಕೇಳು. ವಿಮಾನ ರದ್ದಾಗುವುದನ್ನು ಎರಡು ವಾರ ಮೊದಲು ಹೇಳಿದ್ದರೆ, ಅಥವಾ 24 ಗಂಟೆ ಮೊದಲೇ ತಿಳಿಸಿ ಬದಲಿ ವಿಮಾನವನ್ನೋ ಹಣವನ್ನೋ ಕೊಟ್ಟಿದ್ದರೆ ಪರಿಹಾರ ಕೊಡುವ ಹೊಣೆ ಸಂಸ್ಥೆಗಿಲ್ಲ. ನಿನಗೆ ಹೇಳಿದ್ದು ಹೊರಡಬೇಕಾದ ಹೊತ್ತು ಮೀರಿದ ಮೇಲೆ. ಅಂಥದಕ್ಕೆ ಡಿಜಿಸಿಎ ನಿಯಮದಲ್ಲಿ ಟಿಕೆಟ್ ಹಣದ ಜೊತೆಗೆ ಪರಿಹಾರವೂ ಇದೆ. ಒಂದು ಗಂಟೆಯವರೆಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗಿನದಕ್ಕೆ 7,500, ಅದಕ್ಕೂ ಹೆಚ್ಚಿನದಕ್ಕೆ 10,000 ರೂಪಾಯಿ, ಅಥವಾ ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಹವಾಮಾನದಂಥ ಕೈಮೀರಿದ ಕಾರಣಕ್ಕೆ ಇದು ಸಿಗುವುದಿಲ್ಲ. ಕಾರಣವನ್ನು ಬರಹದಲ್ಲಿ ಪಡೆ ಎಂದು ಅದಕ್ಕೇ ಹೇಳಿದ್ದು. ನೀನೀಗ ಯುರೋಪಿನಲ್ಲಿ ಇರುವವಳು, ಅಲ್ಲಿಯ ನಿಯಮವನ್ನೂ ತಿಳಿದಿರು. ಅಲ್ಲಿಂದ ಹೊರಡುವ ಯಾವ ವಿಮಾನವೇ ಆಗಲಿ, ಇಲ್ಲಿಂದ ಅಲ್ಲಿಗೆ ಬರುವ ಐರೋಪ್ಯ ಒಕ್ಕೂಟದ ಸಂಸ್ಥೆಯ ವಿಮಾನವೇ ಆಗಲಿ, ಸಂಸ್ಥೆಯ ಕಾರಣದಿಂದ ಮೂರು ಗಂಟೆಗಿಂತ ತಡವಾಗಿ ಮುಟ್ಟಿಸಿದರೆ ದೂರಕ್ಕೆ ತಕ್ಕಂತೆ 250ರಿಂದ 600 ಯೂರೋ ಕೇಳುವ ಹಕ್ಕಿದೆ.

ಹುಬ್ಬಳ್ಳಿಯ ಸಂಸ್ಥೆ ಉತ್ತರ ಕೊಡದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾದಲ್ಲಿ ದೂರು ಹಾಕು. ಅಲ್ಲೂ ಆಗದಿದ್ದರೆ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯ ಪ್ರಕಾರ ನಿನ್ನ ಸ್ವಂತ ಜಿಲ್ಲೆಯಲ್ಲೇ, ಅಂದರೆ ಧಾರವಾಡದಲ್ಲೇ ಅರ್ಜಿ ಹಾಕಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೆಂಬ ಕಡ್ಡಾಯವೂ ಇಲ್ಲ. ಮಾತಾಡಿ ಕೇಳಲು ಗ್ರಾಹಕರ 1915 ಸಹಾಯವಾಣಿಯಿದೆ. ‘ಹೋಗಲಿ ಬಿಡು, ನಮ್ಮ ಹಣೆಬರಹ’ ಎಂದು ಸುಮ್ಮನಾಗುವವರು ನಮ್ಮಲ್ಲಿ ಹೆಚ್ಚು. ಅದನ್ನು ಸಹನೆ ಎಂದು ನಾನು ಒಪ್ಪುವುದಿಲ್ಲ. ನಿನ್ನ ಅಪ್ಪ ಬೆವರು ಸುರಿಸಿ ಗಳಿಸಿದ ಹಣ ಅದು, ಕೇಳಿ ಪಡೆಯಬೇಕು.

ಕೊನೆಯದಾಗಿ ಆ ಸಾಲದ ವಿಷಯ. ಗೆಳತಿಯ ಹತ್ತಿರ ತಂದ ದುಡ್ಡನ್ನು ಮನೆಯಲ್ಲಿ ಹೇಳಿಲ್ಲ, ಅಲ್ಲೇ ಎಲ್ಲಾದರೂ ದುಡಿದು ತೀರಿಸುತ್ತೇನೆ ಅಂದೆ. ಹಾಗೆ ಮಾಡಬೇಡ. ಹೋದ ಮೊದಲ ತಿಂಗಳುಗಳು ಓದಿಗೆ ಬೇಕು. ಮುಚ್ಚಿಟ್ಟ ಸಾಲಕ್ಕಾಗಿ ಪಾಳಿ ಮಾಡಿ ನಿದ್ದೆ ಕೆಟ್ಟು ಪರೀಕ್ಷೆ ಬಿಟ್ಟರೆ, ಹುಬ್ಬಳ್ಳಿಯಲ್ಲಿ ರದ್ದಾದ ಆ ಒಂದು ವಿಮಾನ ಇನ್ನೂ ನಿನ್ನನ್ನು ಬಿಡದೆ ಹಿಂಬಾಲಿಸುತ್ತಿದೆ ಎಂದೇ ಅರ್ಥ. ನಿನ್ನ ಅಪ್ಪ ಸಿಟ್ಟಿನ ಮನುಷ್ಯ ಅನ್ನುವುದು ನನಗೆ ನಿನಗಿಂತ ಮೊದಲೇ ಗೊತ್ತು. ಆದರೆ ಮಗಳ ಕಷ್ಟ ಕೇಳಿ ಸಿಟ್ಟಾಗುವವನಲ್ಲ. ಇವತ್ತು ರಾತ್ರಿ ಅವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳು.